ಮೆರಿಮೆಂಟ್ ಬಂದ ರವಿವಾರ

ನಮ್ಮ ಮನೆಯಲ್ಲಿ ರವಿವಾರದ ಮಟನ್ ಊಟಕ್ಕೆ ಕೂರುವ ಮೊದಲು ಒಂದು ಇಂಗ್ಲಿಷ್ ಶಬ್ದದ ಪರೀಕ್ಷೆ ಇರುತ್ತಿತ್ತು. ದೇವರ ಮುಂದೆ ಊದಿನಕಡ್ಡಿ ಹಚ್ಚಲು ಮರೆತರೆ ಅಪ್ಪ ಏನೂ ಅನ್ನುತ್ತಿರಲಿಲ್ಲ. ಶಬ್ದ ಮರೆತವರಿಗೆ ಮಾತ್ರ ತಾಟು ಸಿಗುತ್ತಿರಲಿಲ್ಲ. ಅಪ್ಪ ಮುಂಬೈಯ ಸಾಂತಾಕ್ರೂಜಿನ ಒಂದು ದೊಡ್ಡ ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸಕ್ಕಿದ್ದ. ಯಾವನೋ ವಿದೇಶಿ ಅತಿಥಿ ಮಂಚದ ಕೆಳಗೆ ಬಿಟ್ಟುಹೋಗಿದ್ದ, ರಟ್ಟು ಕಿತ್ತುಹೋದ ಡಿಕ್ಷನರಿಯೊಂದು ಅಲ್ಲಿ ಕೇಳುವವರಿಲ್ಲದೆ ಬಿದ್ದಿತ್ತಂತೆ. ಮ್ಯಾನೇಜರನನ್ನು ಕೇಳಿ ಅಪ್ಪ ಅದನ್ನು ಕುರ್ಲಾದ ನಮ್ಮ ಚಾಳಿಗೆ ತಂದ. ತಂದ ದಿನ ನಾನೂ ನನ್ನ ಅಣ್ಣ ಪ್ರಕಾಶನೂ ಕಥೆಪುಸ್ತಕವೆಂದುಕೊಂಡು ಕುಣಿದಾಡಿದೆವು. ಅಷ್ಟು ದಪ್ಪದ ಪುಸ್ತಕದಲ್ಲಿ ಎಷ್ಟು ರವಿವಾರಗಳಿವೆ ಎಂದು ಲೆಕ್ಕ ಹಾಕುವ ಬುದ್ಧಿ ನಮಗಿರಲಿಲ್ಲ.

ನಿಯಮ ಅಪ್ಪನದೇ. ಶನಿವಾರ ಸಂಜೆ ಕಣ್ಣು ಮುಚ್ಚಿ ಡಿಕ್ಷನರಿಯಲ್ಲಿ ಬೆರಳಿಡುತ್ತಿದ್ದ. ಬೆರಳಿಗೆ ಸಿಕ್ಕ ಶಬ್ದವನ್ನು ಹೋಟೆಲಿನ ಚೀಟಿಯ ಮೇಲೆ ಬರೆದು ಕನ್ನಡಿಗೆ ಅಂಟಿಸುತ್ತಿದ್ದ. ಮರುದಿನ ಮಧ್ಯಾಹ್ನ ನಾವಿಬ್ಬರೂ ಎದ್ದು ನಿಂತು ಅದರ ಅರ್ಥ ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನ ಒಂದು ವಾಕ್ಯದಲ್ಲಿ ಬಳಸಿ ತೋರಿಸಬೇಕು. ಪುಸ್ತಕದ ವಾಕ್ಯ ನಡೆಯುತ್ತಿರಲಿಲ್ಲ. ವಾಕ್ಯ ನಮ್ಮ ಮನೆಯದೇ ಆಗಿರಬೇಕು, ಮತ್ತು ಖರೆ ಇರಬೇಕು. ಗೆದ್ದವರಿಗೆ ಹೆಂಚಿನಿಂದ ಇಳಿದ ಮೊದಲ ರೊಟ್ಟಿ, ಮಟನ್ನಿನ ನಳಿ ಎಲುಬು. ಸೋತವರು ಉಳಿದವರ ಊಟ ಮುಗಿಯುವವರೆಗೆ ಮೂಲೆಯ ಮೋರಿಯಲ್ಲಿ ನಿಂತಿರಬೇಕು. ಮೋರಿ ಎಂದರೆ ನಮ್ಮ ಆ ಒಂದೇ ಖೋಲಿಯೊಳಗೆ ಭಾಂಡೆ ತಿಕ್ಕುವ, ಬಟ್ಟೆ ಒಗೆಯುವ, ಪರದೆ ಎಳೆದುಕೊಂಡು ಸ್ನಾನ ಮಾಡುವ ಚೂರು ಜಾಗ. ಅಲ್ಲಿ ನಿಂತರೆ ಅಂಗಾಲು ಒದ್ದೆಯಾಗುತ್ತಿತ್ತು, ಮಟನ್ನಿನ ವಾಸನೆ ಮಾತ್ರ ನೇರ ಮೂಗಿಗೇ ಬರುತ್ತಿತ್ತು. ಮಕ್ಕಳನ್ನು ಹಸಿವಿನಲ್ಲಿ ನಿಲ್ಲಿಸಿ ನಳಿ ಎಲುಬು ಹೀರುವ ಸಪ್ಪಳ ಎಷ್ಟು ಜೋರಾಗಿರುತ್ತದೆಂದು ನಿಂತವರಿಗೇ ಗೊತ್ತು.

ನಮ್ಮ ಪರೀಕ್ಷೆ ಮುಗಿದ ಮೇಲೆ ಅವ್ವನ ಸರದಿ. ಅದು ಪರೀಕ್ಷೆಯಲ್ಲ, ಮಜಾ. ಅವ್ವ ಊರ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕನ್ನಡ ಓದಿದವಳು. ಸ್ಟೋವಿನ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದವಳನ್ನು ಅಪ್ಪ ಮೀಸೆಯಲ್ಲೇ ನಗುತ್ತಾ ಕರೆಯುತ್ತಿದ್ದ.

“ಮೇಡಮ್ಮಾರ, ಈಗ ನಿಮ್ಮ ಪಾಳಿ.”

“ನನಗೇನ ಬರ್ತೈತಿ, ಸುಮ್ಮಿರ್ರಿ.”

“ಹಂಗಂದ್ರ ಹ್ಯಾಂಗ? ಮುಂಬೈಗೆ ಬಂದು ಹದಿನಾಲ್ಕು ವರ್ಷ ಆತು. ಹೇಳು, ಹೇಳು.”

ಒಂದು ಸಲ ಹಟಮಾರಿ ಎಂಬ ಅರ್ಥದ ಶಬ್ದ ಬಂದಿತ್ತು. ಅವ್ವ ಸ್ವಲ್ಪ ಯೋಚಿಸಿ, ಹಿಟ್ಟು ಹತ್ತಿದ ಬೆರಳಿನಿಂದ ಮುಂದಿದ್ದ ಸ್ಟೋವನ್ನು ತೋರಿಸಿದಳು.

“ಇದ ಐತಲ್ಲ, ಇದ.”

ಈಗ ನೋಡಿದರೆ ನಾನೂ ಅಣ್ಣನೂ ಹೆಣೆದ ವಾಕ್ಯಗಳಿಗಿಂತ ಆ ಬಳಕೆಯೇ ಸರಿಯಾಗಿತ್ತು. ಆ ಸ್ಟೋವು ಪಿನ್ನು ಚುಚ್ಚದೆ ಎಂದೂ ಹತ್ತುತ್ತಿರಲಿಲ್ಲ. ಆದರೆ ಅಂದು ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ, ಯಾಕೆಂದರೆ ಜೋರಾಗಿ ನಕ್ಕವರ ಕಡೆ ಅಪ್ಪ ಪ್ರೀತಿಯಿಂದ ನೋಡುತ್ತಿದ್ದ. ಅವ್ವನೂ ನಗುತ್ತಿದ್ದಳು. ಮುಂದೆ ಎಷ್ಟೋ ವರ್ಷ ನಾವು ಆ ನಗುವನ್ನೇ ನಮ್ಮ ಪರವಾದ ಸಾಕ್ಷಿಯಾಗಿ ಇಟ್ಟುಕೊಂಡೆವು: ಆಕೆಗೂ ಮಜಾ ಬರುತ್ತಿತ್ತು, ಆಕೆಯೇನು ಅಳುತ್ತಿದ್ದಳೇ? ಹೋಟೆಲಿನಲ್ಲಿ ಅಪ್ಪನ ಇಂಗ್ಲಿಷಿಗೂ ಹೀಗೇ ನಗುವವರಿದ್ದರೆಂದು ಅವನ ಜೊತೆಯವರೊಬ್ಬರು ಬಹಳ ಕಾಲದ ಮೇಲೆ ನನಗೆ ಹೇಳಿದರು. ಕೇಳಿ ನನಗೆ ಕನಿಕರ ಬರಲಿಲ್ಲ. ಅಲ್ಲಿ ತಿಂದದ್ದನ್ನು ಮನೆಗೆ ತಂದು ಬಡಿಸಲೇಬೇಕೆಂದು ಯಾರೂ ಹೇಳಿರಲಿಲ್ಲ.

ನಮ್ಮಿಂದ ಎರಡು ಖೋಲಿ ಆಚೆಗೆ ರಜಿಯಾಬೀ ಇದ್ದಳು. ವಿಜಾಪುರದ ಕಡೆಯವಳು, ಸಾಂತಾಕ್ರೂಜಿನ ಒಂದು ಸಣ್ಣಮಕ್ಕಳ ಶಾಲೆಯಲ್ಲಿ ಆಯಾ. ಕನ್ನಡವನ್ನೂ ದಖ್ಖನಿಯನ್ನೂ ಕಲಸಿ ಮಾತಾಡುವ ಆಕೆ ಅವ್ವನಿಗಿದ್ದ ಒಬ್ಬಳೇ ಗೆಳತಿ. ನಾನು ಆರನೇ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಾ ಆಕೆ ಅವ್ವನಿಗೆ ಸುದ್ದಿ ಹೇಳಿದಳು.

“ಸುನ್ ಬಾಯಿ, ನಮ್ಮ ಸ್ಕೂಲ್‌ನಾಗ ಒಬ್ಬಾಕಿ ಬಿಟ್ಟು ಹೊಂಟಾಳ. ನಾ ಮೇಡಂಗೆ ನಿನ್ನ ಹೆಸರು ಹೇಳೀನಿ, ಹದಿನೈದು ದಿನ ಬಿಟ್ಟು ಕರೀತಾಳ. ಥೋಡಾ ಇಂಗ್ಲಿಷ್ ಬರಬೇಕು, ಬಸ್.”

“ಥೋಡಾ ಅಂದ್ರ ಎಷ್ಟ, ರಜಿಯಾಬೀ?”

“ಕೈ ತೊಳಕೋ, ಅಳಬ್ಯಾಡ, ಬಾ, ಕೂಡು. ಅಷ್ಟ. ನಕ್ಕೋ ಡರೋ, ಅಂಜಬ್ಯಾಡ.”

ಅವ್ವನ ಮುಖದಲ್ಲಿ ಅಂದು ಕಂಡ ಆಸೆಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಸಂಬಳದ ಮಾತನ್ನು ಆಕೆ ಕೇಳಲೇ ಇಲ್ಲ. ಆಕೆಗೆ ಬೇಕಾಗಿದ್ದದ್ದು ದಿನಕ್ಕೆ ಐದು ತಾಸು ಆ ಖೋಲಿಯ ಹೊರಗೆ ಇರುವುದು. ಕುರ್ಲಾ ಮಾರ್ಕೆಟ್ಟು, ರೇಷನ್ ಅಂಗಡಿ, ನೀರಿನ ನಲ್ಲಿ ಬಿಟ್ಟರೆ ಆಕೆ ಒಬ್ಬಳೇ ಹೋಗಿಬರುವ ಜಾಗ ಈ ಇಡೀ ಊರಿನಲ್ಲಿ ಇರಲಿಲ್ಲ. ಸಂಜೆ ನನ್ನ ಜಡೆ ಹೆಣೆಯುವಾಗ ಹಿಂದಿನಿಂದಲೇ ಸಣ್ಣ ದನಿಯಲ್ಲಿ ಕೇಳಿದಳು.

“ಸರೂ, ನನಗ ಕಲಸ್ತಿಯೇನು? ಹದಿನೈದು ದಿನ ಐತಿ.”

“ಕಲಸ್ತೀನಿ.”

“ನಿಮ್ಮಪ್ಪಗ ಹೇಳಬ್ಯಾಡವ್ವ. ಕೆಲಸ ಸಿಕ್ಕ ಮ್ಯಾಲ ನಾನ ಹೇಳ್ತೀನಿ.”

ನಾನು ಆಕೆಯ ತಲೆ ಮುಟ್ಟಿ ಆಣೆ ಮಾಡಿದೆ. ನನ್ನದು ಬೆಳಗಿನ ಶಾಲೆ. ಅಪ್ಪ ಡ್ಯೂಟಿಯಲ್ಲಿ, ಅಣ್ಣ ಮಧ್ಯಾಹ್ನದ ಶಾಲೆಯಲ್ಲಿ ಇರುವ ಹೊತ್ತಿನಲ್ಲಿ ನಾನು ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ ಮಾಸ್ತರಾದೆ. ಅವ್ವ ನೆಲದ ಮೇಲೆ ಕೂತು ಕಲಿತಳು. ಬರೆದುಕೊಳ್ಳಲಿಲ್ಲ, ಒಂದು ವಾಕ್ಯವನ್ನು ನಾಲ್ಕು ಸಲ ಕೇಳಿ, ಆಮೇಲೆ ರೊಟ್ಟಿ ಬಡಿಯುವ ತಾಳಕ್ಕೆ ಅದನ್ನು ಕೂರಿಸಿಕೊಂಡು, ಸಂಜೆಯ ರೊಟ್ಟಿ ಮುಗಿಯುವಷ್ಟರಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಒಂದು ವಾರದಲ್ಲಿ ಮೂವತ್ತು ವಾಕ್ಯ ಬಂದವು. ನನ್ನ ಕ್ಲಾಸಿನಲ್ಲಿ ಅಷ್ಟು ಬೇಗ ಕಲಿಯುವವರು ಯಾರೂ ಇರಲಿಲ್ಲ, ನಾನೂ ಅಲ್ಲ. ಅದು ನನಗೆ ಸಂತೋಷದ ಸಂಗತಿಯಾಗಬೇಕಿತ್ತು. ಆಗಲಿಲ್ಲ. ತಪ್ಪು ಮಾಡಿದಾಗ ನಗಲೆಂದು ಕಾದು ಕೂತವಳಿಗೆ ಅವ್ವ ತಪ್ಪೇ ಮಾಡದಿದ್ದರೆ ಹೇಗಾಗುತ್ತದೆ, ಹಾಗಾಗಿತ್ತು.

ಆ ಹೊತ್ತಿಗೇ ನನ್ನ ಗ್ರಹಚಾರ ಕೆಟ್ಟಿತ್ತು. ಎರಡು ರವಿವಾರ ಸತತವಾಗಿ ಸೋತು ಮೋರಿಯಲ್ಲಿ ನಿಂತಿದ್ದೆ. ಅಣ್ಣ ಎಲುಬು ಹೀರುತ್ತಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ದ. ಮೂರನೆಯ ಶನಿವಾರ ಅಪ್ಪನ ಬೆರಳು ಮೆರಿಮೆಂಟ್ ಎಂಬ ಶಬ್ದದ ಮೇಲೆ ಬಿತ್ತು. ಡಿಕ್ಷನರಿಯನ್ನು ಮಂಡಿಯ ಮೇಲಿಟ್ಟುಕೊಂಡು ನೋಡಿದೆ. ಅರ್ಥ ಚೆನ್ನಾಗಿತ್ತು: ಉಲ್ಲಾಸ, ನಗೆಯಾಟ, ನಾಲ್ಕು ಜನ ಕೂಡಿ ನಗುವುದು. ಕೆಳಗೆ ಬಳಕೆಗೆ ಕೊಟ್ಟಿದ್ದ ವಾಕ್ಯದಲ್ಲಿ ಮಾತ್ರ ಯಾವನೋ ಒಬ್ಬನ ಟೋಪಿ ಎಲ್ಲರ ಮೆರಿಮೆಂಟಿಗೆ ಕಾರಣವಾಗಿತ್ತು. ಟೋಪಿ ಹಾಕಿಕೊಂಡವನಿಗೆ ಏನಾಯಿತೆಂದು ಬರೆದಿರಲಿಲ್ಲ. ಅರ್ಥದಲ್ಲಿ ಇಲ್ಲದ ಒಬ್ಬ ಮನುಷ್ಯ ಬಳಕೆಯಲ್ಲಿ ಹೇಗೆ ಬಂದು ಕೂತ ಎಂದು ನನಗೆ ತಿಳಿಯಲಿಲ್ಲ, ಆದರೆ ಈ ಶಬ್ದಕ್ಕೆ ಅಂಥವನೊಬ್ಬ ಬೇಕು ಎಂಬುದು ತಿಳಿಯಿತು.

ರವಿವಾರ ಮೊದಲು ಅಣ್ಣ ಎದ್ದು ನಿಂತ. ದೀಪಾವಳಿಗೆ ನಮ್ಮ ಮನೆಯಲ್ಲಿ ಬಹಳ ಮೆರಿಮೆಂಟ್ ಇತ್ತು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಹೇಳಿದ. ಅಪ್ಪ ತಲೆಯಾಡಿಸಿದ.

“ಸುಳ್ಳು. ದೀಪಾವಳಿಗೆ ನನಗ ಡ್ಯೂಟಿ ಇತ್ತು, ನಿಮ್ಮವ್ವಗ ಜ್ವರ ಇತ್ತು. ಯಾವ ಮೆರಿಮೆಂಟ್? ನಡಿ ಮೋರಿಗೆ.”

“ಪಪ್ಪಾ, ಯೇ ಚೀಟಿಂಗ್ ಹೈ...”

“ನಡಿ ಅಂದೆ. ಸರೂ, ನೀ ಹೇಳು.”

ಅರ್ಥ ಹೇಳಿದೆ. ವಾಕ್ಯವಿರಲಿಲ್ಲ. ನಾನು ಸಿದ್ಧಮಾಡಿಕೊಂಡಿದ್ದದ್ದೂ ದೀಪಾವಳಿಯೇ. ಖೋಲಿಯ ಸುತ್ತ ಕಣ್ಣು ಹಾಯಿಸಿದೆ. ಅವ್ವ ಸ್ಟೋವಿನ ಮುಂದೆ ಬೆನ್ನು ಮಾಡಿ ಕೂತಿದ್ದಳು, ರೊಟ್ಟಿ ಬಡಿಯುತ್ತಾ ಏನನ್ನೋ ತುಟಿಯಲ್ಲೇ ಅಂದುಕೊಳ್ಳುತ್ತಿದ್ದಳು. ಅದೇನೆಂದು ನನಗೊಬ್ಬಳಿಗೆ ಗೊತ್ತಿತ್ತು. ಮಟನ್ ಪಾತೆಲಿಯ ಮುಚ್ಚಳ ತೆಗೆದಿತ್ತು. ಆಣೆ ನೆನಪಿರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು, ಹಸಿವೂ ಇತ್ತು.

“ಮೈ ಮದರ್ಸ್ ಇಂಗ್ಲಿಷ್ ಈಸ್ ದ ಕಾಸ್ ಆಫ್ ಮಚ್ ಮೆರಿಮೆಂಟ್ ಇನ್ ಅವರ್ ಹೌಸ್.”

ನನ್ನ ಅವ್ವನ ಇಂಗ್ಲಿಷು ನಮ್ಮ ಮನೆಯ ನಗೆಯಾಟಕ್ಕೆ ಕಾರಣ. ರೊಟ್ಟಿಯ ಸಪ್ಪಳ ನಿಂತಿತು. ಅವ್ವನಿಗೆ ಇಡೀ ವಾಕ್ಯ ತಿಳಿದಿತ್ತೋ ಇಲ್ಲವೋ, ಮೊದಲಿನ ಮೂರು ಶಬ್ದ ತಿಳಿದಿದ್ದವು. ಅವನ್ನು ನಾನೇ ಕಲಿಸಿದ್ದೆ.

“ವಾಕ್ಯ ಛಲೋ ಐತಿ,” ಎಂದ ಅಪ್ಪ. “ಆದ್ರ ಖರೆ ಹ್ಯಾಂಗ ಆಗ್ತೈತಿ? ಆಕಿಗೆ ಇಂಗ್ಲಿಷೆಲ್ಲೈತಿ?”

“ಖರೇನ ಐತಿ. ದಿನಾ ಮಧ್ಯಾಹ್ನ ನನ್ನ ಕಡೆ ಕಲಿಯಾಕತ್ತಾಳ. ರಜಿಯಾಬೀ ಸ್ಕೂಲ್‌ನಾಗ ಆಯಾ ಆಗ್ತಾಳಂತ.”

ಅಪ್ಪ ಸಿಟ್ಟಾಗುತ್ತಾನೆಂದುಕೊಂಡಿದ್ದೆ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನು ಮೊದಲು ನನ್ನ ಮುಖ, ಆಮೇಲೆ ಅವ್ವನ ಬೆನ್ನು ನೋಡಿದ. ಮುಖವೆಲ್ಲ ಅರಳಿತು. ಊಟಕ್ಕೆ ಹಾಸಿದ್ದ ಚಾಪೆಯ ಮೇಲೆ ಅಂಗಾತ ಮಲಗಿ, ಕೈಕಾಲು ಬಡಿಯುತ್ತಾ ಸಣ್ಣ ಕೂಸಿನ ಹಾಗೆ ಅಳತೊಡಗಿದ.

“ಮಮ್ಮೀ... ಮಮ್ಮೀ... ಆಯಾ, ಬಾರಽ! ಇಂಗ್ಲಿಷ್‌ನಾಗ ಸುಮ್ಮ ಮಾಡಽ!”

ಮೋರಿಯಲ್ಲಿದ್ದ ಅಣ್ಣನೂ ಶಿಕ್ಷೆ ಮರೆತು ಓಡಿಬಂದು ಪಕ್ಕದಲ್ಲಿ ಮಲಗಿ ಅಳುವ ಆಟ ಹೂಡಿದ. ಗದ್ದಲ ಕೇಳಿ ಗ್ಯಾಲರಿಯಿಂದ ಮೂರು ನಾಲ್ಕು ಮುಖಗಳು ಬಾಗಿಲಲ್ಲಿ ಇಣುಕಿದವು, ಅವುಗಳಲ್ಲಿ ರಜಿಯಾಬೀಯದೂ ಒಂದು. ಅವ್ವ ಎದ್ದು ನಿಂತಳು. ಕೈತುಂಬ ಹಿಟ್ಟಿತ್ತು. ಯಾಕೆ ಆಕೆ ಹೇಳಿದಳೋ ಇಂದಿಗೂ ನನಗೆ ಗೊತ್ತಿಲ್ಲ. ಬರುತ್ತದೆಂದು ತೋರಿಸಿದರೆ ನಗು ನಿಂತೀತು ಎಂದು ನಂಬಿದ್ದಿರಬೇಕು. ನೆಟ್ಟಗೆ ನಿಂತು, ಒಂದು ಅಕ್ಷರವೂ ತಪ್ಪದೆ ಹೇಳಿದಳು.

“ಡೋಂಟ್ ಕ್ರೈ, ಬೇಬಿ. ಮಮ್ಮಿ ವಿಲ್ ಕಮ್ ಸೂನ್. ಕಮ್, ವಾಶ್ ಯುವರ್ ಹ್ಯಾಂಡ್ಸ್.”

ಅಷ್ಟು ದೊಡ್ಡ ನಗು ನಮ್ಮ ಚಾಳಿನಲ್ಲಿ ನಾನು ಮತ್ತೆ ಕೇಳಲಿಲ್ಲ. ಅಪ್ಪನಿಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ನಿಂತವರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡರು. ಆಕೆ ತಪ್ಪು ಹೇಳಿದ್ದರೆ ಇದರ ಅರ್ಧವೂ ನಗುತ್ತಿರಲಿಲ್ಲ. ರಜಿಯಾಬೀ ಒಬ್ಬಳು ನಗದೆ, ನನ್ನನ್ನು ಒಂದು ಸಲ ನೋಡಿ ಹೊರಟುಹೋದಳು. ಅವ್ವನೂ ಆ ದಿನ ನಗಲಿಲ್ಲ. ಕೂತು, ಅರ್ಧ ಬಡಿದಿದ್ದ ರೊಟ್ಟಿಯನ್ನು ಪೂರ್ತಿ ಬಡಿದು ಹೆಂಚಿಗೆ ಹಾಕಿದಳು. ಅದೇ ಮೊದಲ ರೊಟ್ಟಿ. ಬೇಯಿಸಿ ತಂದು ನನ್ನ ತಾಟಿಗೆ ಹಾಕಿದಳು, ನಳಿ ಎಲುಬನ್ನೂ ಹಾಕಿದಳು, ಖಾರ ಹೆಚ್ಚಾಗಿದ್ದರೆ ಎಣ್ಣೆ ಹಾಕಿಕೋ ಎಂದಳು. ನಾನು ಚೊಕ್ಕಟವಾಗಿ ಹೀರಿದೆ. ಅಷ್ಟು ರುಚಿಯಾದ ಎಲುಬು ಅದಕ್ಕೂ ಮೊದಲು ನನಗೆ ಸಿಕ್ಕಿರಲಿಲ್ಲ.

ಈಗ ಬೈಕುಲ್ಲಾದ ಒಂದು ಕ್ಲಾಸಿನಲ್ಲಿ ನಾನು ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆ, ಅನ್ನ ಅದರಿಂದಲೇ. ಹೋದ ವರ್ಷ ಒಬ್ಬ ಹುಡುಗಿ, ನನಗೆ ಮೆರಿಮೆಂಟ್ ಆಯಿತು ಎನ್ನಬಹುದೇ ಎಂದು ಕೇಳಿದಳು. ಹಾಗೆ ಯಾರೂ ಅನ್ನುವುದಿಲ್ಲ ಎಂದೆ. ಸಂತೋಷವನ್ನು ಒಬ್ಬರೇ ಇಟ್ಟುಕೊಳ್ಳಬಹುದು, ಇದಕ್ಕೆ ಗುಂಪು ಬೇಕು, ಸದ್ದು ಬೇಕು, ಬಹಳ ಸಲ ನಡುವೆ ನಿಲ್ಲಿಸಲು ಒಬ್ಬರು ಬೇಕು. ಆ ನಡುವಿನವರು ಈ ಶಬ್ದವನ್ನು ಬಳಸುವುದಿಲ್ಲ, ಸುತ್ತ ನಿಂತವರು ಬಳಸುತ್ತಾರೆ. ಹುಡುಗಿ ಬರೆದುಕೊಂಡಳು. ಎಷ್ಟು ಚೆನ್ನಾಗಿ ಹೇಳ್ತೀರಿ ಮಿಸ್ ಎಂದಳು. ಚೆನ್ನಾಗಿ ಹೇಳುವುದು ನನಗೆ ಚಿಕ್ಕಂದಿನಿಂದಲೂ ಬರುತ್ತದೆ.

ಆ ರವಿವಾರ ಅಪ್ಪ ಊಟ ಮುಗಿಸಿ ಕೈತೊಳೆದ ಮೇಲೆ ತೀರ್ಪು ಕೊಟ್ಟ. ಬೇಡವೆನ್ನಲಿಲ್ಲ, ಅವನು ಅಷ್ಟು ದಡ್ಡನಲ್ಲ.

“ಹೋಗು, ಹೋಗು. ಯಾರು ಬ್ಯಾಡ ಅಂದಾರ? ಸರೂನ ಕರಕೊಂಡು ಹೋಗು. ಮಾತು ನಡುವ ನಿಂತ್ರ ಆಕಿ ದೂಡ್ತಾಳ.”

ಪಾಠ ನಿಂತಿತು. ಸೋಮವಾರ ಮಧ್ಯಾಹ್ನ ನಾನು ಎಂದಿನಂತೆ ಮಂಚದ ಮೇಲೆ ಏರಿ ಕೂತಾಗ ಅವ್ವ, ಸಾಕವ್ವ, ಬಂದೈತಿ ಎಂದು ಅಕ್ಕಿ ಆರಿಸುತ್ತಾ ಕೂತಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎದುರಾಡಿ, ಅತ್ತು, ಒಂದು ಕೊನೆ ಕಾಣಿಸುತ್ತಿದ್ದೆ. ಗುರುವಾರ ಆಕೆ ಹಸಿರು ಇಳಕಲ್ಲ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ನನ್ನನ್ನು ಕರೆದುಕೊಂಡು ಸಾಂತಾಕ್ರೂಜಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ತುಟಿಗಳು ಮಾತ್ರ ಆಡುತ್ತಿದ್ದವು, ಹಾಗಾಗಿ ಕೆಲಸದ ಆಸೆ ಬಿಟ್ಟಿಲ್ಲವೆಂದು ನನಗೆ ಗೊತ್ತಾಯಿತು.

ಶಾಲೆ ಒಂದು ಬಿಲ್ಡಿಂಗಿನ ಕೆಳಮಹಡಿಯಲ್ಲಿತ್ತು. ಗೋಡೆಯ ಮೇಲೆ ಆನೆ, ಜಿರಾಫೆ. ಮೇಡಂ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ನಮ್ಮನ್ನು ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಕೂರಿಸಿ, ತಾನೂ ಅಂಥದೇ ಒಂದರ ಮೇಲೆ ಕೂತಳು. ಇಂಗ್ಲಿಷಿನಲ್ಲಿ ನಿಧಾನವಾಗಿ ಹೆಸರು ಕೇಳಿದಳು. ಅವ್ವ ನನ್ನ ಮುಖ ನೋಡಿದಳು. ಎಲ್ಲಿ ಇರುತ್ತೀರಿ ಎಂದು ಕೇಳಿದಳು. ಅವ್ವ ನನ್ನ ಮುಖ ನೋಡಿ, ತನ್ನ ಕಾಲಿನ ಕಡೆ ನೋಡಿಕೊಂಡಳು. ಎರಡೂ ಪ್ರಶ್ನೆಗಳನ್ನು ನಾವು ಮೊದಲನೇ ದಿನವೇ ಮುಗಿಸಿದ್ದೆವು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ನಿಜವಾಗಿಯೂ ಒಂದು ಮಗು ಅಳತೊಡಗಿತು. ಅವ್ವನ ಮೈ ತಾನಾಗಿಯೇ ಕುರ್ಚಿಯಿಂದ ಅರ್ಧ ಎದ್ದಿತು, ಬಾಯಿ ತೆರೆಯಿತು. ಮೇಡಂ ಮುಖ ಅರಳಿಸಿ ಕಾಯ್ದಳು. ಅವ್ವ ಮತ್ತೆ ನನ್ನ ಕಡೆ ತಿರುಗಿದಳು, ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಅವ್ವನ ಹೆಸರು, ಕುರ್ಲಾ, ಮಗು ಅತ್ತರೆ ಏನನ್ನುತ್ತಾಳೆ, ಕೈ ಹೇಗೆ ತೊಳೆಸುತ್ತಾಳೆ, ಎಲ್ಲವನ್ನೂ ನಾನೇ ಇಂಗ್ಲಿಷಿನಲ್ಲಿ ಪಟಪಟನೆ ಹೇಳಿಬಿಟ್ಟೆ. ಮೇಡಂ ನಕ್ಕು ನನ್ನ ಗಲ್ಲ ಮುಟ್ಟಿದಳು.

“ಅರೇ, ತುಮ್ಹೇ ಹೀ ರಖ್ ಲೂಂ ಕ್ಯಾ?”

ನನ್ನನ್ನೇ ಇಟ್ಟುಕೊಳ್ಳಲೇ ಎಂಬ ಆ ಮಾತಿಗೆ ನನಗೆ ಕೋಡು ಮೂಡಿದಂತಾಯಿತು. ಆಮೇಲೆ ಆಕೆ ಅವ್ವನ ಕಡೆ ತಿರುಗಿ, ಮಕ್ಕಳೊಂದಿಗೆ ಮಾತಾಡುವವರೇ ಬೇಕಾಗಿದ್ದಾರೆ, ತಪ್ಪು ತಿಳಿಯಬೇಡಿ ಎಂದು ಹಿಂದಿಯಲ್ಲಿ ಮೆತ್ತಗೆ ಹೇಳಿ ಎದ್ದಳು. ಅವ್ವ ಕೈಮುಗಿದಳು. ನಾವಿಬ್ಬರೂ ಬಸ್ ಸ್ಟಾಪಿಗೆ ನಡೆದು ಬಂದೆವು. ಸ್ಟಾಪಿನಲ್ಲಿ ಬಿಸಿಲಿತ್ತು. ಅವ್ವ ನನ್ನನ್ನು ನೆರಳಿನ ಕಡೆಗೆ ಸರಿಸಿ ತಾನು ಬಿಸಿಲಿಗೆ ನಿಂತಳು.

“ನಿನಗ ಎಲ್ಲಾ ಬರ್ತಿತ್ತಲ್ಲ, ಅವ್ವಾ? ಯಾಕ ಸುಮ್ಮ ಕುಂತಿ?”

“ಬರ್ತಿತ್ತು.”

“ಮತ್ತ?”

“ನೀ ಬಾಜೂಕ ಕುಂತಿದ್ದಿಯಲ್ಲವ್ವ. ನಾ ಏನ ಅಂದ್ರೂ ನೀ ಅದನ್ನ ರವಿವಾರ ಊಟಕ್ಕ ಒಯ್ತಿದ್ದಿ.”

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ಬಂತೇ ಎಂದು ಆ ಕಡೆ ನೋಡುತ್ತಲೇ ಹೇಳಿದಳು. ಅದನ್ನು ಕೇಳಿ ನನಗೆ ಅಳು ಬಂತು ಎಂದು ಬರೆಯುವ ಆಸೆ ಇದೆ. ಬರಲಿಲ್ಲ. ಆಕೆ ಆ ಮಾತು ಹೇಳುವ ಹೊತ್ತಿಗಾಗಲೇ ನಾನು, ಅವ್ವ ಆ ಪುಟ್ಟ ಕುರ್ಚಿಯಿಂದ ಬಾಯಿ ತೆರೆದು ಅರ್ಧ ಎದ್ದು ಮತ್ತೆ ಕೂತದ್ದನ್ನು ಹೇಗೆ ಮಾಡಿ ತೋರಿಸಿದರೆ ಅಪ್ಪ ಹೆಚ್ಚು ನಗುತ್ತಾನೆಂದು ಮನಸ್ಸಿನಲ್ಲೇ ತಾಲೀಮು ನಡೆಸಿದ್ದೆ. ರವಿವಾರ ಮಾಡಿಯೂ ತೋರಿಸಿದೆ.